ಆಷಾಢದಲ್ಲಿ ಪ್ರೊಸೆಸರ್ ಬದಲಿಸಿದ್ದು

ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಸ್ಟ್ಯಾಂಡಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ. ನೋಡಿದವರೆಲ್ಲ ಆಂಪ್ಲಿಫೈಯರ್ ಅಂದುಕೊಳ್ಳುತ್ತಾರೆ. ಅದು ಪ್ಲಗಿನ್ ಪ್ಲೇಯರ್, ಅಂದರೆ ವಾದ್ಯಗಳ ದನಿ ಹುಟ್ಟಿಸುವ ಪ್ಲಗಿನ್ ಅನ್ನುವ ಸಾಫ್ಟ್‌ವೇರುಗಳನ್ನು ಓಡಿಸುವ ಯಂತ್ರ. ಕೀಬೋರ್ಡಿನಿಂದ ಒಂದು ಮಿಡಿ ಕೇಬಲ್ ಅದಕ್ಕೆ ಹೋಗುತ್ತದೆ, ಅದರ ಬೆನ್ನಿನಿಂದ ಎರಡು ಆಡಿಯೋ ಕೇಬಲ್ ಮಿಕ್ಸರಿಗೆ ಬರುತ್ತವೆ. ಪಿಯಾನೋ, ವಯಲಿನ್ ಗುಂಪು, ಕೊಳಲು, ಹಾರ್ಮೋನಿಯಂ ಎಲ್ಲ ಹುಟ್ಟುವುದು ಆ ಪೆಟ್ಟಿಗೆಯಲ್ಲೇ. ಯಾವ ಮನೆಯನ್ನು ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಅಂತ ಮಿಡಿ ಕೇಬಲಿನಲ್ಲಿ ತಿಳಿಸುವುದಷ್ಟೇ ಕೀಬೋರ್ಡಿನ ಕೆಲಸ.

ಈ ಪೆಟ್ಟಿಗೆಗಳು ಬಂದದ್ದಕ್ಕೆ ಒಂದು ಹಿನ್ನೆಲೆ ಇದೆ. ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಪ್ಲಗಿನ್ ಪದ್ಧತಿಯನ್ನು ತಂದದ್ದು 1996ರಲ್ಲಿ. 1999ರ ಹೊತ್ತಿಗೆ ಎಫೆಕ್ಟುಗಳ ಜೊತೆ ವಾದ್ಯಗಳೂ ಪ್ಲಗಿನ್ ರೂಪದಲ್ಲಿ ಬಂದವು. ಸ್ಟುಡಿಯೋದಲ್ಲಿ ಕೂತವರಿಗೆ ಹಬ್ಬ. ಆದರೆ ಆ ಕಾಲದ ಕಂಪ್ಯೂಟರನ್ನು ಸ್ಟೇಜಿಗೆ ಹೊತ್ತುಕೊಂಡು ಹೋಗಲು ಯಾರಿಗೂ ಧೈರ್ಯ ಇರಲಿಲ್ಲ. ಅದಕ್ಕೇ ಕೆಲವರು ಪ್ಲಗಿನ್ ಓಡಿಸುವುದಕ್ಕೆಂದೇ ರ್‍ಯಾಕಿನಲ್ಲಿ ಕೂರುವ ಪೆಟ್ಟಿಗೆ ಮಾಡಿದರು. ಕ್ಯಾಲಿಫೋರ್ನಿಯಾದ ಮ್ಯೂಸ್ ರಿಸರ್ಚ್‌ನವರ ರಿಸೆಪ್ಟರ್ ಇವುಗಳಲ್ಲಿ ಹೆಸರುವಾಸಿ. ಒಳಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ವಿಂಡೋಸ್ ಪ್ಲಗಿನ್‌ಗಳನ್ನು ನಡೆಸುವ ವೈನ್, ಮುಂದೆ ಸಣ್ಣ ಡಿಸ್‌ಪ್ಲೇ ಮತ್ತು ನಾಲ್ಕಾರು ತಿರುಪು. ನಮ್ಮದೂ ಅದೇ ಜಾತಿಯದು. ಬೆಂಗಳೂರಿನಲ್ಲಿ ಒಂದು ಸ್ಟುಡಿಯೋದವರು ಸಾಮಾನು ಖಾಲಿ ಮಾಡುವಾಗ ಸೆಕೆಂಡ್ ಹ್ಯಾಂಡ್ ತಂದದ್ದು.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಒಳಗಿರುವುದು ಇಪ್ಪತ್ತು ವರ್ಷದ ಹಿಂದಿನ ಮಾಮೂಲಿ ಪಿಸಿ. ಮದರ್‌ಬೋರ್ಡ್, ರ್‍ಯಾಮ್, ಹಾರ್ಡ್ ಡಿಸ್ಕ್, ಕರೆಂಟು ಕೊಡುವ ಎಸ್‌ಎಂಪಿಎಸ್. ನಮ್ಮ ಪೆಟ್ಟಿಗೆಯಲ್ಲಿ ಇದ್ದ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಎಎಂಡಿ ಕಂಪನಿಯ ಅಥ್ಲಾನ್ ಎಕ್ಸ್‌ಪಿ 2400+.

ಅದನ್ನು ಬದಲಿಸಬೇಕು ಅನ್ನಿಸಿದ್ದು ಶಬ್ದದಿಂದ. ಪೆಡಲ್ ಒತ್ತಿ ಹಿಡಿದು ಪಿಯಾನೋ ನುಡಿಸುತ್ತ, ಅದರ ಕೆಳಗೆ ವಯಲಿನ್ ಗುಂಪನ್ನೂ ಹಾಸಿ, ಮೇಲಿನಿಂದ ರಿವರ್ಬ್, ಅಂದರೆ ದೊಡ್ಡ ಸಭಾಂಗಣದಂಥ ಪ್ರತಿಧ್ವನಿ, ಕೊಟ್ಟರೆ ಸ್ಪೀಕರಿನಿಂದ ಪಟ್ ಪಟ್ ಅಂತ ಒಡೆದ ಸದ್ದು. ಹಳೆಯ ಚಿತ್ರಗೀತೆಗಳ ಪೀಠಿಕೆ ಸಂಗೀತ ಕೇಳಿದ್ದೀರಲ್ಲ, ಅರ್ಧ ನಿಮಿಷದಲ್ಲಿ ಹತ್ತು ವಾದ್ಯ ಬಂದುಹೋಗುತ್ತವೆ. ಅಂಥ ಕಡೆ ನಾನು ಪೆಡಲ್ ಮೇಲಿನ ಕಾಲನ್ನು ಸ್ವಲ್ಪ ಸಡಿಲ ಬಿಟ್ಟು, ಒಂದೆರಡು ಬೆರಳು ಕಡಿಮೆ ಮಾಡಿ ನುಡಿಸುತ್ತಿದ್ದೆ. ನಮ್ಮ ಹಾಡುಗಾರ್ತಿ ಅಕ್ಕನಿಗೆ ಅದು ಗೊತ್ತಾಗಿಬಿಡುತ್ತಿತ್ತು. "ಎಂತ, ಇವತ್ತು ವಯಲಿನ್‌ನೋರು ಅರ್ಧ ಜನ ರಜಾನಾ?"

ಪಟ್ ಅನ್ನುವ ಸದ್ದು ಎಲ್ಲಿಂದ ಬರುತ್ತದೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ಒಂದೊಂದು ಕ್ಷಣದ ಅಳತೆಯ ಅಂಕಿ, ಹೊರಗೆ ಬರಬೇಕು. ಪೆಟ್ಟಿಗೆ ಅವನ್ನು ಕಂತುಕಂತಾಗಿ ತಯಾರಿಸುತ್ತದೆ. ನಾನು ಇಟ್ಟುಕೊಂಡಿದ್ದದ್ದು 128ರ ಕಂತು. ಅಂದರೆ ಒಂದು ಕಂತು ಸ್ಪೀಕರಿಗೆ ಹೋಗುತ್ತಿರುವ 2.9 ಮಿಲಿಸೆಕೆಂಡಿನೊಳಗೆ ಮುಂದಿನ ಕಂತು ಸಿದ್ಧವಾಗಿರಬೇಕು. ಪಿಯಾನೋದ ಅಷ್ಟೂ ಸ್ವರ, ವಯಲಿನ್‌ನ ಅಷ್ಟೂ ಸ್ವರ, ರಿವರ್ಬ್, ಎಲ್ಲದರ ಲೆಕ್ಕ ಅಷ್ಟರಲ್ಲಿ ಮುಗಿಯಬೇಕು. ಮುಗಿದರೆ ಸರಿ. ಮುಗಿಯದಿದ್ದರೆ ಆ ಜಾಗ ಖಾಲಿ, ಆ ಖಾಲಿಯೇ ಪಟ್. ಹಾಗಾಗಿ ಪ್ರೊಸೆಸರ್ ಬದಲಿಸಿದರೆ ದನಿ ಇಂಪಾಗುತ್ತದೆ ಅಂದುಕೊಳ್ಳುವವರು ನಿರಾಸೆಗೆ ಸಿದ್ಧರಾಗಿರಲಿ. ಅದೇ ಪ್ಲಗಿನ್ ಅದೇ ದನಿಯನ್ನೇ ಕೊಡುತ್ತದೆ. ಸಿಗುವುದು ಆ 2.9 ಮಿಲಿಸೆಕೆಂಡಿನೊಳಗೆ ಇನ್ನೊಂದಿಷ್ಟು ಕೆಲಸಕ್ಕೆ ಜಾಗ, ಅಷ್ಟೇ.

ಕಂತನ್ನು 256 ಮಾಡಿದರೆ ಸಮಯ 5.8 ಮಿಲಿಸೆಕೆಂಡಿಗೆ ಏರುತ್ತದೆ, ಸದ್ದು ಒಡೆಯುವುದು ಕಡಿಮೆಯಾಗುತ್ತದೆ. ದುಡ್ಡೂ ಖರ್ಚಿಲ್ಲ. ರಿದಂ ಪ್ಯಾಡ್ ನುಡಿಸುವ ಅಣ್ಣ ಇದನ್ನೇ ಹೇಳಿದ್ದು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಹಾಗಾಗಿ 128ರಿಂದ 256ಕ್ಕೆ ಹೋಗುವುದೂ ಮಾನಿಟರ್ ಸ್ಪೀಕರನ್ನು ಒಂದು ಮೀಟರ್ ಹಿಂದೆ ಸರಿಸುವುದೂ ಒಂದೇ ಅಂತ ಅವನ ವಾದ. ಲೆಕ್ಕ ಸರಿಯೇ. ಆದರೆ ತಡ ಅನ್ನುವುದು ಒಂದೇ ಕಡೆಯಿಂದ ಬರುವುದಿಲ್ಲ. ಮಿಡಿ ಕೇಬಲಿನಲ್ಲೇ ಒಂದು ಸ್ವರದ ಸುದ್ದಿ ದಾಟಲು ಹತ್ತಿರಹತ್ತಿರ 1 ಮಿಲಿಸೆಕೆಂಡ್ ಹಿಡಿಯುತ್ತದೆ. ಸ್ವರಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಐದು ಬೆರಳು ಒಟ್ಟಿಗೆ ಬಿದ್ದರೆ ಐದನೆಯದು ಅಷ್ಟು ತಡ. ಅದರ ಮೇಲೆ ಕಂತು, ಅದರ ಮೇಲೆ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಾಗುವ ಹೊತ್ತು, ಆಮೇಲೆ ನಿಜವಾದ ಸ್ಪೀಕರಿನ ನಿಜವಾದ ದೂರ. ನಿಧಾನದ ಭಾವಗೀತೆಗೆ ಏನೂ ಅನ್ನಿಸುವುದಿಲ್ಲ. ದ್ರುತದಲ್ಲಿ ಹಾರ್ಮೋನಿಯಂ ನುಡಿಸುವಾಗ ಬೆರಳು ಮುಂದೆ ಓಡುತ್ತದೆ, ದನಿ ಹಿಂದೆ ಎಳೆಯುತ್ತದೆ. ನನಗದು ಆಗಿಬರುವುದಿಲ್ಲ.

ಇನ್ನೊಂದು ಸಲಹೆ, ಹೇಳದೇ ಉಳಿದವರೇ ಇಲ್ಲ: ಇದನ್ನು ಗುಜರಿಗೆ ಹಾಕಿ ಒಂದು ಲ್ಯಾಪ್‌ಟಾಪ್ ತಗೊಳ್ಳಿ. ನ್ಯಾಯವಾದ ಮಾತು. ಇವತ್ತಿನ ಸಾಧಾರಣ ಲ್ಯಾಪ್‌ಟಾಪ್ ಈ ಪೆಟ್ಟಿಗೆಯ ಹಲವು ಪಟ್ಟು ಕೆಲಸ ಮಾಡುತ್ತದೆ. ಹೊಸದಾಗಿ ಶುರುಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಹಾಡುಗಳ ಸೆಟ್ಟಿಂಗ್ ಎಲ್ಲ ಇದರಲ್ಲಿದೆ. ಇದರೊಳಗಿನ ಕೆಲವು ಪ್ಲಗಿನ್‌ಗಳನ್ನು ಮಾಡಿದವರು ಈಗ ಮಾರುವುದೇ ಇಲ್ಲ. ಕತ್ತಲೆಯ ಸ್ಟೇಜಿನಲ್ಲಿ ನಂಬರ್ ಒತ್ತಿದರೆ ದನಿ ಬರುತ್ತದೆ, ನಡುವೆ ಅಪ್‌ಡೇಟ್ ಮಾಡಲಾ ಅಂತ ಕೇಳುವುದಿಲ್ಲ. ಸಣ್ಣ ಖರ್ಚಿನಲ್ಲಿ ಸ್ವಲ್ಪ ಉಸಿರಾಟ ಸಿಕ್ಕಿದರೆ ಸಾಕಿತ್ತು.

ಆಷಾಢಕ್ಕೆ ಕಾದೆ. ಮದುವೆ ಇಲ್ಲ, ಕಾರ್ಯಕ್ರಮ ಇಲ್ಲ, ಮಳೆ ಮಾತ್ರ. ಗಣಪತಿ ಹಬ್ಬಕ್ಕೆ ಮೊದಲು ಪೆಟ್ಟಿಗೆ ಬಿಚ್ಚಿ ಇಡಲು ಬೇರೆ ಕಾಲ ಸಿಗುವುದಿಲ್ಲ.

ಶಿವಮೊಗ್ಗದ ನೆಹರೂ ರಸ್ತೆಯಿಂದ ಒಳಗೆ ಹೋಗುವ ಒಂದು ಕ್ರಾಸಿನಲ್ಲಿ ನಮ್ಮ ರಿಪೇರಿ ಅಣ್ಣನ ಅಂಗಡಿ. ಅವರ ಹತ್ತಿರ ಈಗ ಬರುವುದೆಲ್ಲ ಮೊಬೈಲ್, ಪ್ರಿಂಟರ್, ಅಡಿಕೆ ಮಂಡಿಯವರ ಬಿಲ್ಲಿಂಗ್ ಕಂಪ್ಯೂಟರ್. ಹಳೆಯ ಬೋರ್ಡ್ ಕಂಡರೆ ಅವರಿಗೆ ಪ್ರೀತಿ ಜಾಸ್ತಿ. ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಟಾರ್ಚ್ ಹಿಡಿದು ಬಗ್ಗಿದರು.

"3200+ ಹುಡುಕಲಾ ಅಣ್ಣ? ಇರೋದ್ರಲ್ಲಿ ಅದೇ ದೊಡ್ಡದಲ್ವಾ?"

"ಅಲ್ಲ ಮಾರಾಯ್ರೆ, ಅದಕ್ಕೆ 400 ಬಸ್ ಬೇಕು. ನಿಮ್ಮ ಬೋರ್ಡ್ 333 ತನಕ ಮಾತ್ರ ಹೋಗ್ತದೆ. 3000+ ಹುಡುಕಿ. ಅದರಲ್ಲೂ ಎರಡು ನಮೂನೆ ಇದೆ. ಲೇಬಲ್ ಫೋಟೋ ಕೇಳದೆ ದುಡ್ಡು ಹಾಕ್ಬೇಡಿ."

ಇಡೀ ಕೆಲಸದಲ್ಲಿ ನನಗೆ ಹೆಚ್ಚು ರುಚಿಸಿದ್ದು ಈ ಭಾಗ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬಸ್ ಅಂದರೆ ಪ್ರೊಸೆಸರಿಗೂ ಬೋರ್ಡಿಗೂ ನಡುವೆ ಅಂಕಿಗಳು ಓಡಾಡುವ ದಾರಿ; 333, 400 ಅನ್ನುವುದು ಅದರ ಓಟ. ಅಥ್ಲಾನ್ ಎಕ್ಸ್‌ಪಿಯ ಮೈಮೇಲಿನ 2400+, 3000+ ಅನ್ನುವ ಅಂಕಿ ಮೆಗಾಹರ್ಟ್ಸ್ ಅಲ್ಲ. 2400+ ಓಡುವುದು 2000 ಮೆಗಾಹರ್ಟ್ಸ್‌ನಲ್ಲಿ. 3000+ ಓಡುವುದು, 333 ಬಸ್ಸಿನದಾದರೆ, 2167ರಲ್ಲಿ. ಹೆಸರು ನೋಡಿದರೆ ಕಾಲುಭಾಗ ಹೆಚ್ಚಿದಂತೆ ಕಾಣುತ್ತದೆ, ಗಡಿಯಾರದ ಓಟದಲ್ಲಿ, ಅಂದರೆ ಮೆಗಾಹರ್ಟ್ಸ್‌ನಲ್ಲಿ, ಹೆಚ್ಚಿದ್ದು ನೂರಕ್ಕೆ ಎಂಟು. ಉಳಿದ ಏರಿಕೆ ಬೇರೆ ಕಡೆ ಇದೆ. 2400+ರಲ್ಲಿ ಎರಡನೇ ಹಂತದ ಕ್ಯಾಶ್, ಅಂದರೆ ಚಿಪ್ಪಿನೊಳಗೇ ಇರುವ ಸಣ್ಣ, ವೇಗದ ಮೆಮೊರಿ, 256 ಕೆಬಿ. 2003ರಲ್ಲಿ ಬಂದ ಬಾರ್ಟನ್ ತಳಿಯ 3000+ರಲ್ಲಿ 512. ಮೆಮೊರಿ ಕಡೆಯ ದಾರಿ 266ರಿಂದ 333ಕ್ಕೆ ಅಗಲವಾಗುತ್ತದೆ. ಇನ್ನು ಅಣ್ಣ ಹೇಳಿದ ಎರಡು ನಮೂನೆ: 400 ಬಸ್ಸಿನ 3000+ ಕೂಡ ಇದೆ, ಅದರ ಓಟ 2100. ಅದನ್ನು ತಂದು ನಮ್ಮ ಬೋರ್ಡಿಗೆ ಹಾಕಿದರೆ 1750ಕ್ಕೆ ಇಳಿಯುತ್ತದೆ, ಇದ್ದದ್ದಕ್ಕಿಂತ ಕಡೆ. ಎರಡನ್ನೂ ಗುರುತಿಸುವುದು ಲೇಬಲ್ಲಿನ ಉದ್ದನೆಯ ಕೋಡಿನ ಕೊನೆಯ ಅಕ್ಷರದಿಂದ. ಸಿ ಅಂದರೆ 266, ಡಿ ಅಂದರೆ 333, ಇ ಅಂದರೆ 400. ಎಎಕ್ಸ್‌ಡಿಎ3000ಡಿಕೆವಿ4ಡಿ ಅಂತ ಇದ್ದರೆ ಮಾತ್ರ ನಮಗೆ ಬೇಕಾದ್ದು.

ಮಾರುವವರು ಜಾಹೀರಾತಿನಲ್ಲಿ 3000+ ಅಂತ ಹಾಕಿ ಸುಮ್ಮನಾಗುತ್ತಾರೆ. ಫೋಟೋ ಕೇಳಿದರೆ ಕೆಲವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಡಿ ಅಕ್ಷರ ಸ್ಪಷ್ಟವಾಗಿ ಕಾಣುವ ಫೋಟೋ ಕಳಿಸಿದರು. ಚಿಪ್ ಕೊರಿಯರಿನಲ್ಲಿ ಬಂತು. ಥರ್ಮಾಕೋಲ್ ಚೂರಿಗೆ ಚುಚ್ಚಿ, ಮೇಲೆ ಪತ್ರಿಕೆ ಸುತ್ತಿದ್ದರು. ಬಿಡಿಸಿ ನೋಡಿದರೆ ಒಂದು ಮೂಲೆಯ ಸಾಲಿನಲ್ಲಿ ಮೂರು ಪಿನ್ ಒರಗಿವೆ.

ರಿಪೇರಿ ಅಣ್ಣ ಬಯ್ಯುತ್ತಲೇ ಮೇಜಿನ ಡ್ರಾಯರಿನಿಂದ ಮಗಳ ಪೆನ್ ಪೆನ್ಸಿಲ್ ತೆಗೆದರು. ಕಡ್ಡಿ ಉದುರಿಸಿ ಖಾಲಿ ಮಾಡಿ, ತುದಿಯ ಆ ಲೋಹದ ಕೊಳವೆಯನ್ನು ಒರಗಿದ ಪಿನ್ನಿಗೆ ತೊಡಿಸಿದರು. ಉಸಿರು ಬಿಗಿಹಿಡಿದು ಒಂದಿಷ್ಟೇ ಮೇಲೆತ್ತಿದರು. ಕೊಳವೆ ತೆಗೆದರು, ಕಣ್ಣಿನ ಮಟ್ಟಕ್ಕೆ ಹಿಡಿದು ಸಾಲಿನುದ್ದಕ್ಕೂ ನೋಡಿದರು, ಮತ್ತೆ ತೊಡಿಸಿದರು. ಒಂದೇ ಸಲ ನೆಟ್ಟಗೆ ಮಾಡಲು ಹೋದರೆ ಪಿನ್ ಬುಡದಲ್ಲೇ ಮುರಿಯುತ್ತದಂತೆ. ಮೂರನೆಯ ಪಿನ್ ಮಾತ್ರ ಹಠಮಾರಿ. ಅದಕ್ಕೆ ಬ್ಲೇಡಿನ ಬೆನ್ನನ್ನು ಸಾಲುಗಳ ನಡುವೆ ಹಾಯಿಸಿ ಸರಿಮಾಡಿದರು. ಆಮೇಲೆ ಚಿಪ್ಪನ್ನು ಸಾಕೆಟ್ಟಿನ ಮೇಲೆ ಒತ್ತದೆ ಸುಮ್ಮನೆ ಇಟ್ಟು ನೋಡುವುದು. ತನ್ನ ಭಾರಕ್ಕೇ ಇಳಿದರೆ ಪಿನ್ ಎಲ್ಲ ನೆಟ್ಟಗಿವೆ ಅಂತ.

ಹಾಕುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಹೇಳಿಬಿಡುತ್ತೇನೆ. ಕೆಲವು ಪ್ಲಗಿನ್‌ಗಳ ಲೈಸೆನ್ಸ್ ಯಂತ್ರದ ಗುರುತು ನೋಡಿ ಕೊಡುವಂಥದ್ದು. ಒಳಗಿನ ಭಾಗ ಬದಲಾದರೆ ಇದು ಬೇರೆ ಯಂತ್ರ ಅಂತ ಬಾಗಿಲು ಹಾಕಿಕೊಳ್ಳುವ ಸಾಧ್ಯತೆ ಇರುತ್ತದೆ. ಐಲಾಕ್‌ನಂಥ ಯುಎಸ್‌ಬಿ ಕೀಲಿ ಇರುವ ಪ್ಲಗಿನ್‌ಗಳಿಗೆ ಆ ಚಿಂತೆ ಇಲ್ಲ, ಕೀಲಿ ಎಲ್ಲಿದೆಯೋ ಲೈಸೆನ್ಸೂ ಅಲ್ಲೇ. ಹಾಗಾಗಿ ಮೊದಲು ಹಾರ್ಡ್ ಡಿಸ್ಕನ್ನು ಹಾಗ್‌ಹಾಗೇ ಇನ್ನೊಂದಕ್ಕೆ ಕ್ಲೋನ್ ಮಾಡಿಸಿದೆ. ಸೀರಿಯಲ್ ನಂಬರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಳೇ ಚಿಪ್ ತಿರುಗಿ ಹಾಕಿದರೆ ಮೊದಲಿನ ಸ್ಥಿತಿಗೆ ಮರಳುವ ದಾರಿ ಇರಬೇಕು, ಗಣಪತಿ ಹಬ್ಬ ಯಾರಿಗೂ ಕಾಯುವುದಿಲ್ಲ. ನಮ್ಮ ಪುಣ್ಯಕ್ಕೆ ಕೊನೆಗೆ ಯಾವ ಪ್ಲಗಿನ್ನೂ ತಕರಾರು ತೆಗೆಯಲಿಲ್ಲ.

ಇನ್ನು ಬಿಚ್ಚುವುದು. ಅಥ್ಲಾನ್ ಎಕ್ಸ್‌ಪಿ ಕೂರುವ ‘ಸಾಕೆಟ್ ಎ’ಗೆ 462 ಅನ್ನುವ ಹೆಸರೂ ಇದೆ. ಅದರ ಎರಡು ಬದಿಯ ಕಿವಿಗಳಿಗೆ, ಚಿಪ್ಪಿನ ಶಾಖ ಹೊರಹಾಕುವ ಹೀಟ್‌ಸಿಂಕಿನ ಸ್ಪ್ರಿಂಗ್ ಪಟ್ಟಿ ಸಿಕ್ಕಿಸಿರುತ್ತದೆ. ಬಿಡಿಸಲು ಚಪ್ಪಟೆ ಸ್ಕ್ರೂಡ್ರೈವರನ್ನು ಪಟ್ಟಿಯ ತೂತಿಗೆ ಇಟ್ಟು ಕೆಳಕ್ಕೆ ಒತ್ತಿ, ಹೊರಕ್ಕೆ ವಾಲಿಸಬೇಕು. ಒತ್ತಡ ಸಿಕ್ಕಾಪಟ್ಟೆ. ಕೈ ಜಾರಿದರೆ ಸ್ಕ್ರೂಡ್ರೈವರ್ ನೇರ ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಬೀಳುತ್ತದೆ. ಅದಕ್ಕೆ ಅಣ್ಣ ಸಾಕೆಟ್ಟಿನ ಸುತ್ತ ಮದುವೆ ಕಾಗದದ ದಪ್ಪ ರಟ್ಟನ್ನು ಕತ್ತರಿಸಿ ಹಾಸಿದರು. ಹೀಟ್‌ಸಿಂಕ್ ಮೇಲೆ ಬಂದಾಗ ಅದರ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು ಹೌದು, ಗಾಳಿ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ.

ಈ ಚಿಪ್ಪಿಗೆ ಇಂದಿನ ಪ್ರೊಸೆಸರುಗಳ ಹಾಗೆ ಮೇಲೆ ಲೋಹದ ಮುಚ್ಚಳ ಇಲ್ಲ. ಸಿಲಿಕಾನ್ ತುಂಡು ನಡುವಿನಲ್ಲಿ ಬರಿಮೈಯಲ್ಲಿ ಕೂತಿರುತ್ತದೆ, ನಾಲ್ಕು ಮೂಲೆಗೆ ನಾಲ್ಕು ಮೆತ್ತನೆಯ ಗುಂಡು ಪ್ಯಾಡ್. ಹೀಟ್‌ಸಿಂಕನ್ನು ಓರೆಯಾಗಿ ಇಳಿಸಿದರೆ ಸಿಲಿಕಾನಿನ ಅಂಚು ಚೂರಾಗಿ ಹಾರುತ್ತದೆ, ಆಮೇಲೆ ಚಿಪ್ ಇಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಹೊಸದರ ಸಿಲಿಕಾನ್ ತುಂಡು ಸ್ಪಷ್ಟವಾಗಿ ಉದ್ದ. ಹೆಚ್ಚಿಗೆ ಬಂದ ಕ್ಯಾಶ್ ಆ ಉದ್ದದಲ್ಲೇ ಇದೆ. ಕಾಗದದ ಮೇಲೆ ಓದಿದ 512 ಕೆಬಿ ಕಣ್ಣಿಗೆ ಕಂಡದ್ದು ನನಗಂತೂ ಖುಷಿ ಕೊಟ್ಟಿತು.

ಹೀಟ್‌ಸಿಂಕಿನ ತಳದಲ್ಲಿ ಒಣಗಿ ಗಟ್ಟಿಯಾದ, ಶಾಖ ದಾಟಿಸುವ ಹಳೇ ಪೇಸ್ಟನ್ನು ಮೊಬೈಲ್ ರಿಪೇರಿಗೆ ಬಳಸುವ ಐಪಿಎ ಅನ್ನುವ ಆಲ್ಕೋಹಾಲ್ ಹಾಕಿ ಒರೆಸಿ ತೆಗೆದರು. ಹೊಸ ಪೇಸ್ಟ್ ಒಂದು ಚುಕ್ಕೆ ಮಾತ್ರ. ಬೋರ್ಡಿನಲ್ಲಿ ಪ್ರೊಸೆಸರಿನ ಪಕ್ಕದ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ಅವನ್ನೂ ಬದಲಿಸಿಕೊಟ್ಟರು. ಆ ಕಾಲದ ಬೋರ್ಡುಗಳಿಗೆ ಇದು ಸಾಮಾನ್ಯ ರೋಗ. ಪ್ರೊಸೆಸರ್ ಹೆಚ್ಚು ಕರೆಂಟು ಎಳೆಯುವಾಗ ಉಬ್ಬಿದ ಕೆಪಾಸಿಟರ್ ಕೈಕೊಡುತ್ತದೆ. 2400+ರ ಗರಿಷ್ಠ ಶಾಖ 68.3 ವ್ಯಾಟ್, 3000+ರದ್ದು 74.3. ದೊಡ್ಡ ಅಂತರ ಅಲ್ಲ, ಆದರೆ ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ, ಶಾಮಿಯಾನದ ಕೆಳಗೆ, ಅದೂ ಲೆಕ್ಕಕ್ಕೆ ಬರುತ್ತದೆ. ಈ ಪ್ರೊಸೆಸರಿಗೆ ಬಿಸಿಯಾದರೆ ತಾನೇ ಓಟ ತಗ್ಗಿಸಿಕೊಳ್ಳುವ ಬುದ್ಧಿಯೂ ಇಲ್ಲ.

ಹಿಂಬದಿಯ ಮಿಡಿ ಔಟ್ ತೂತಿನಲ್ಲಿ ಒಣಮಣ್ಣು ತುಂಬಿತ್ತು. ಕುಂಬಾರ ಹುಳ ಗೂಡು ಕಟ್ಟಿ ಹೋಗಿದೆ. ನಾನು ಆ ತೂತನ್ನು ಎಂದೂ ಬಳಸದ್ದರಿಂದ ಗೊತ್ತಾಗಿರಲಿಲ್ಲ. ಮಲೆನಾಡಿನಲ್ಲಿ ಸ್ಟೇಜ್ ಸಾಮಾನು ಇಟ್ಟುಕೊಂಡವರು ಬಳಸದ ತೂತಿಗೆಲ್ಲ ಟೇಪ್ ಹಚ್ಚಿಡಿ.

ಮಾನಿಟರ್, ಕೀಬೋರ್ಡ್ ಸಿಕ್ಕಿಸಿ ಆನ್ ಮಾಡಿದೆವು. ಪರದೆಯ ಮೇಲೆ ಬಂದದ್ದು 1733 ಮೆಗಾಹರ್ಟ್ಸ್.

ದುಡ್ಡು ಕೊಟ್ಟು ಓಟ ಕಡಿಮೆ ಮಾಡಿಕೊಂಡ ಹಾಗೆ ಕಂಡರೂ ಇದು ಗಾಬರಿಯ ಸಂಗತಿ ಅಲ್ಲ. ಈ ಚಿಪ್ಪಿನ ಗುಣಕ 13, ಅಂದರೆ ಬೋರ್ಡಿನ ಮೂಲ ಓಟದ 13 ಪಟ್ಟು ಇದು ಓಡುತ್ತದೆ. ಬೋರ್ಡ್ ಇನ್ನೂ ಹಳೆಯ 133ರಲ್ಲೇ ಇತ್ತು. 133 ಅನ್ನುವುದು ಸರಿಯಾದ ಲೆಕ್ಕದಲ್ಲಿ 133.33, ಅದನ್ನು 13ರಿಂದ ಗುಣಿಸಿದರೆ 1733. ಬೋರ್ಡನ್ನು 166ಕ್ಕೆ, ಅಂದರೆ 166.67ಕ್ಕೆ, ಏರಿಸಿದರೆ 2167 ಬರುತ್ತದೆ. 266, 333 ಅಂತ ಹೇಳುವುದು ಇವೇ 133, 166ರ ಇಮ್ಮಡಿ. ನಮ್ಮ ಬೋರ್ಡಿನಲ್ಲಿ ಇದನ್ನು ಬದಲಿಸುವುದು ಒಂದು ಜಂಪರಿನಿಂದ, ಅಂದರೆ ಎರಡು ಪಿನ್ ಜೋಡಿಸುವ ಸಣ್ಣ ಟೊಪ್ಪಿಗೆಯಿಂದ. ಅದು ಹಾರ್ಡ್ ಡಿಸ್ಕಿನ ಅಗಲ ಕೇಬಲಿನ ಅಡಿಯಲ್ಲಿ ಅಡಗಿತ್ತು. ಪಕ್ಕದ ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕಾಯಿತು. ಜಂಪರ್ ಸರಿಸುವ ಮೊದಲು ರ್‍ಯಾಮ್ ಬದಲಿಸಬೇಕಿತ್ತು, ಇದ್ದದ್ದು 266ರದ್ದು. ಬೋರ್ಡ್ ಪ್ರೊಸೆಸರ್, ಮೆಮೊರಿ ಎರಡನ್ನೂ ಬೇರೆಬೇರೆ ಓಟದಲ್ಲಿ ನಡೆಸಬಲ್ಲದು, ಆದರೆ ಹಾಗೆ ಮಾಡಿದರೆ ಅಗಲ ಮಾಡಿದ ದಾರಿಯಲ್ಲಿ ಗಾಡಿಯೇ ಬರುವುದಿಲ್ಲ. ಅಣ್ಣನ ಹತ್ತಿರ ಹಳೇ ಡಿಡಿಆರ್ ಮೆಮೊರಿ ಪಟ್ಟಿಗಳು ಒಂದು ಬಿಸ್ಕತ್ ಡಬ್ಬಿ ತುಂಬ ಇದ್ದವು. ಅದರಲ್ಲಿ 333ರ ಜೋಡಿ ಒಂದನ್ನು ಹುಡುಕಿ ಕೊಟ್ಟರು. ದುಡ್ಡು ಬೇಡ ಅಂದರು. ಅವರ ಅಕ್ಕನ ಮಗಳ ಮದುವೆಗೆ ನಾವು ಕಾರ್ಯಕ್ರಮ ಕೊಟ್ಟದ್ದು ಅವರಿಗೆ ನೆನಪಿತ್ತು.

ಮನೆಗೆ ತಂದು ಮೆಮೊರಿ ಟೆಸ್ಟ್ ಓಡಲು ಬಿಟ್ಟೆ. ಆಷಾಢದ ಮಳೆ, ಗಾಳಿ, ಎಲ್ಲೋ ಲೈನಿನ ಮೇಲೆ ಮರ. ಟೆಸ್ಟ್ ಅರ್ಧಕ್ಕೆ ಬಂದಾಗೆಲ್ಲ ಕರೆಂಟು ಹೋಗುತ್ತಿತ್ತು, ಯುಪಿಎಸ್ ಬೀಪ್ ಬೀಪ್ ಅಂತ ಕೂಗಿ ಸುಸ್ತಾಗುತ್ತಿತ್ತು, ಮತ್ತೆ ಮೊದಲಿಂದ. ಪೂರ್ತಿ ಮುಗಿಸಿ ತಪ್ಪು ಸೊನ್ನೆ ಅಂತ ತೋರಿಸಿದ್ದು ಮಳೆ ಬಿಟ್ಟ ಒಂದು ಬೆಳಗಿನ ಜಾವ.

ಹೋಲಿಸಿ ನೋಡಲು ಒಂದು ಮಿಡಿ ಫೈಲ್ ಮಾಡಿಟ್ಟುಕೊಂಡಿದ್ದೆ. ಪೆಡಲ್ ಒತ್ತಿದ ಪಿಯಾನೋ, ನಾಲ್ಕು ಪದರ ವಯಲಿನ್, ರಿವರ್ಬ್. ಚಿಪ್ ಬದಲಿಸುವ ಮೊದಲು ಅದನ್ನೇ ನುಡಿಸಿದಾಗ ಪ್ರೊಸೆಸರಿನ ಹೊರೆ ತೋರಿಸುವ ಪೆಟ್ಟಿಗೆಯ ಸಿಪಿಯು ಮೀಟರ್ ನೂರಕ್ಕೆ ತೊಂಬತ್ತರ ಮೇಲೆ ಕುಣಿದು ಸದ್ದು ಒಡೆಯುತ್ತಿತ್ತು. ಈಗ ಎಂಬತ್ತರ ಕೆಳಗೆ ನಿಲ್ಲುತ್ತದೆ, ಒಡೆಯುವುದಿಲ್ಲ. ಒಂದೊಂದೇ ಪ್ಲಗಿನ್ ಬೇರೆ ಮಾಡಿ ನೋಡಿದಾಗ ಲಾಭ ಎಲ್ಲರಿಗೂ ಸಮ ಬಂದಿಲ್ಲ ಅಂತ ಕಂಡಿತು. ಮೆಮೊರಿಯಿಂದ ರೆಕಾರ್ಡಿಂಗ್ ಎಳೆದು ನುಡಿಸುವ ವಯಲಿನ್ ಮತ್ತು ಪಿಯಾನೋಗೆ ಚೆನ್ನಾಗಿ ಸಿಕ್ಕಿದೆ. ಅಗಲವಾದ ದಾರಿ, ಇಮ್ಮಡಿ ಕ್ಯಾಶ್ ಅಲ್ಲಿ ಕೆಲಸ ಮಾಡಿವೆ. ಲೆಕ್ಕ ಹಾಕಿಯೇ ದನಿ ಹುಟ್ಟಿಸುವ ಸಿಂಥ್ ಪ್ಲಗಿನ್ನಿಗೆ ಗಡಿಯಾರ ಎಷ್ಟು ಏರಿತೋ ಅಷ್ಟೇ, ಹೇಳಿಕೊಳ್ಳುವಂಥದ್ದಲ್ಲ. ಅಂಥ ಪ್ಲಗಿನ್ ಹೆಚ್ಚು ಬಳಸುವವರು ಈ ಕೆಲಸಕ್ಕೆ ಕೈಹಾಕದಿದ್ದರೂ ನಷ್ಟವಿಲ್ಲ.

ಒಂದು ವಿಚಿತ್ರ ಮಾತ್ರ ಹಾಗೇ ಉಳಿದಿತ್ತು. ಒಂದು ರಿವರ್ಬಿನಲ್ಲಿ ನುಡಿಸುವುದು ನಿಲ್ಲಿಸಿದ ಮೇಲೆ, ದನಿ ಪೂರ್ತಿ ಅಡಗಿದ ಮೇಲೆ, ಮೀಟರ್ ಮೇಲೇರುತ್ತದೆ. ಕೇಳಿಸದಷ್ಟು ಸಣ್ಣಗಾದ ಪ್ರತಿಧ್ವನಿಯ ಅಂಕಿಗಳು ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತವೆ, ಸೊನ್ನೆಯಾಗುವುದಿಲ್ಲ. ಅಂಥ ಅತಿಸಣ್ಣ ಅಂಕಿಗಳ ಲೆಕ್ಕ ಪ್ರೊಸೆಸರಿಗೆ ಮಾಮೂಲಿ ಅಂಕಿಗಳಿಗಿಂತ ಬಹಳ ಭಾರ. ಒಳ್ಳೆಯ ಪ್ಲಗಿನ್ ಬರೆದವರು ಒಂದು ಮಿತಿಯ ಕೆಳಗೆ ಅವನ್ನು ಸೊನ್ನೆ ಅಂತಲೇ ಹಿಡಿಯುತ್ತಾರೆ. ಇದನ್ನು ಬರೆದವರು ಹಿಡಿದಿಲ್ಲ. ಚಿಪ್ ಬದಲಿಸಿದರೆ ಇದು ಹೋಗುವುದಿಲ್ಲ. ಆ ರಿವರ್ಬನ್ನು ತೆಗೆದು ಬೇರೊಂದು ಹಾಕಿದೆ, ಮೀಟರ್ ಇನ್ನೂ ಇಳಿಯಿತು. ಈ ಬದಲಾವಣೆಗೆ ಒಂದು ರೂಪಾಯಿ ಖರ್ಚಾಗಲಿಲ್ಲ ಅನ್ನುವುದು ಬೇರೆ ಮಾತು.

ಗಣಪತಿ ಹಬ್ಬದ ಸಾಲು ಕಾರ್ಯಕ್ರಮಗಳಲ್ಲಿ, ತೀರ್ಥಹಳ್ಳಿ ಕಡೆ, ಹೊಸನಗರದ ಕಡೆ, ಜನರೇಟರಿನ ಮೇಲೆ, ಸ್ಟೆಬಿಲೈಜರ್ ಹಾಕಿ, ಪೆಟ್ಟಿಗೆ ತೊಂದರೆ ಕೊಡಲಿಲ್ಲ. ಮುಚ್ಚಳದ ಮೇಲೆ ಕೈಯಿಟ್ಟರೆ ಮೊದಲಿಗಿಂತ ತಣ್ಣಗಿದೆ. ಶಾಖ ಹೆಚ್ಚಿನ ಚಿಪ್ ಹಾಕಿಯೂ ತಣ್ಣಗಿರುವುದಕ್ಕೆ ಕಾರಣ ಹೊಸ ಪೇಸ್ಟು ಮತ್ತು ಧೂಳು ತೆಗೆದ ಹೀಟ್‌ಸಿಂಕು. ಪ್ರೊಸೆಸರ್ ಬದಲಿಸದಿದ್ದರೂ ಆ ಎರಡು ಕೆಲಸ ಮಾಡಿಸುವಂಥದ್ದೇ. ಅಕ್ಕ ಒಂದು ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಸುತ್ತುತ್ತ ಹೇಳಿದಳು, "ವಯಲಿನ್‌ನೋರು ಎಲ್ಲ ಬಂದಿದ್ರು ಇವತ್ತು."

ಹೊಸ ಹಾರ್ಮೋನಿಯಂ ಪ್ಲಗಿನ್ ಒಂದನ್ನು ಹಾಕಲು ಹೋದಾಗ ಮಾತ್ರ ಗೋಡೆ ಅಡ್ಡ ಬಂತು. ಲೋಡ್ ಆಗುವ ಮೊದಲೇ ಸತ್ತುಹೋಗುತ್ತದೆ. ಅದು ಕೇಳುವುದು ಎಸ್‌ಎಸ್‌ಇ2 ಅನ್ನುವ ಆದೇಶಗಳ ಗುಂಪನ್ನು. ಇಂಟೆಲ್‌ನವರು ಅದನ್ನು ಪೆಂಟಿಯಂ 4ರ ಜೊತೆ ತಂದರು, ಎಎಂಡಿಯವರು 2003ರ ಅಥ್ಲಾನ್ 64ರಿಂದ ಸೇರಿಸಿಕೊಂಡರು. ಅಥ್ಲಾನ್ ಎಕ್ಸ್‌ಪಿಯಲ್ಲಿ, 2400+ ಆಗಲಿ 3200+ ಆಗಲಿ, ಅದು ಇಲ್ಲ. ಈ ಸಾಕೆಟ್ಟಿಗೆ ಯಾವ ಚಿಪ್ ತಂದು ಹಾಕಿದರೂ ಬರುವುದಿಲ್ಲ. ಅದಕ್ಕೆ ಬೋರ್ಡೇ ಬದಲಾಗಬೇಕು. ಬೋರ್ಡ್ ಬದಲಾದರೆ ಒಳಗಿನ ಲಿನಕ್ಸಿಗೆ ಅದರ ಗುರುತು ಇರಬೇಕು, ಆಡಿಯೋ ಕಾರ್ಡ್ ಹೊಂದಬೇಕು, ಲೈಸೆನ್ಸುಗಳ ಪಂಚಾಯ್ತಿ ಬೇರೆ. ಅಷ್ಟು ಮಾಡುವುದಾದರೆ ಲ್ಯಾಪ್‌ಟಾಪಿನವರ ಮಾತೇ ಸರಿ. ಸದ್ಯಕ್ಕೆ ಹಾರ್ಮೋನಿಯಂ ಬೇಕಾದ ಹಾಡಿಗೆ ಹಳೇ ಪ್ಲಗಿನ್ನನ್ನೇ ಇಟ್ಟುಕೊಂಡಿದ್ದೇನೆ. ದೊಡ್ಡ ಭಜನಾ ಕಾರ್ಯಕ್ರಮ ಇದ್ದರೆ ಮಾವನ ಮನೆಯ ನಿಜವಾದ ಹಾರ್ಮೋನಿಯಂ ತರುತ್ತೇನೆ, ಅದಕ್ಕೆ ಒಂದು ಮೈಕ್ ಹೆಚ್ಚಿಗೆ ಬೇಕು ಅಂತ ಸೌಂಡಿನವರಿಗೆ ಮೊದಲೇ ಹೇಳಿಟ್ಟಿರುತ್ತೇನೆ.